ಒಂದೇ ಕಂಬದ ಮೇಲೆ ಮಾಡು ನಿಲ್ಲುವುದಿಲ್ಲ

ಬೆಳಿಗ್ಗೆ ಮದ್ರಸಕ್ಕೆ ಬರುವ ಹುಡುಗರ ಕಣ್ಣು ನೋಡಿದರೆ ಸಾಕು, ರಾತ್ರಿ ಮ್ಯಾಚ್ ಇತ್ತೋ ಇಲ್ಲವೋ ಅಂತ ನಮಗೆ ಗೊತ್ತಾಗುತ್ತದೆ. ಕಿತಾಬು ತೆರೆಯುವ ಮೊದಲೇ ಹಿಂದಿನ ಸಾಲಿನಲ್ಲಿ ಪಿಸುಪಿಸು ಶುರು. ಯಾರು ಗೋಲು ಹೊಡೆದದ್ದು, ಯಾರಿಗೆ ಕಾಲು ಉಳುಕಿದ್ದು, ಯಾರು ಸ್ಟ್ರೆಚರಿನಲ್ಲಿ ಹೋದದ್ದು! ಈಚೆಗೆ ಸಲಾಹ್ ಹೆಸರಿನ ಕೆಂಪು ಜೆರ್ಸಿ ಹಾಕಿಕೊಂಡು ಓಡಾಡುವ ಒಬ್ಬ ಹುಡುಗ ನೇರವಾಗಿ ಕೇಳಿಯೇ ಬಿಟ್ಟ: "ಉಸ್ತಾದ್, ಒಬ್ಬನಿಗೆ ಪೆಟ್ಟಾದರೆ ಇಡೀ ಟೀಮ್ ಯಾಕೆ ಸೋಲುವುದು? ಬಾಕಿ ಹತ್ತು ಜನ ಇದ್ದಾರಲ್ಲ?"

ಆಗ ಪಾಠದ ಹೊತ್ತು. "ಮೊದಲು ಸಬಕ್ ಹೇಳು" ಅಂತ ಅವನನ್ನು ಕೂರಿಸಿದೆವು. ಆದರೆ ಪ್ರಶ್ನೆ ಒಳ್ಳೆಯದೇ. ಅವನ ಪ್ರೀತಿಯ ಲಿವರ್‌ಪೂಲ್ ತಂಡದ ಕಥೆಯಲ್ಲಿಯೇ ಅದಕ್ಕೆ ಉತ್ತರವಿದೆ.

2019-20ರಲ್ಲಿ ಲಿವರ್‌ಪೂಲ್ 99 ಅಂಕ ಗಳಿಸಿ, 30 ವರ್ಷಗಳ ನಂತರ ಇಂಗ್ಲೆಂಡಿನ ಲೀಗ್ ಗೆದ್ದಿತು. ಎಲ್ಲರೂ ಸಲಾಹ್, ಮಾನೆ ಅವರ ಗೋಲುಗಳನ್ನು ಹೊಗಳಿದರು. ಆದರೆ ಆ ಗೆಲುವಿನ ಅರ್ಧ ಭಾರ ಹಿಂದಿನ ಸಾಲಿನಲ್ಲಿತ್ತು. ಅಲ್ಲಿ ನಿಂತವರು ನೆದರ್‌ಲ್ಯಾಂಡ್ಸಿನ ವರ್ಜಿಲ್ ವಾನ್ ಡೈಕ್. 2018ರ ಜನವರಿಯಲ್ಲಿ 7.5 ಕೋಟಿ ಪೌಂಡ್ ಕೊಟ್ಟು ತಂದ ಆಟಗಾರ. ಆ ಲೀಗಿನ 38 ಪಂದ್ಯಗಳಲ್ಲಿ ಒಂದು ನಿಮಿಷವೂ ಹೊರಗೆ ಕೂರದೆ ಆಡಿದವರು.

ಅವರ ಪಕ್ಕದಲ್ಲಿ ಯಾರಿದ್ದರು? ಜೋ ಗೋಮೆಜ್ ಮತ್ತು ಜೋಯೆಲ್ ಮಾಟಿಪ್. ಇಬ್ಬರೂ ಒಳ್ಳೆಯ ಆಟಗಾರರು, ಇಬ್ಬರಿಗೂ ಗಾಯದ ಚರಿತ್ರೆ ಇತ್ತು. ಗೋಮೆಜ್‌ಗೆ 2015ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದಿತ್ತು, 2018ರ ಡಿಸೆಂಬರಿನಲ್ಲಿ ಕಾಲಿನ ಮೂಳೆ ಮುರಿದಿತ್ತು. ಮಾಟಿಪ್ ಆ ಚಾಂಪಿಯನ್ ವರ್ಷದಲ್ಲಿ ಲೀಗಿನಲ್ಲಿ ಆಡಿದ್ದೇ 9 ಪಂದ್ಯ. ನಾಲ್ಕನೆಯವರಾಗಿ ದೇಯಾನ್ ಲೊವ್ರೆನ್ ಇದ್ದರು. 2020ರ ಬೇಸಗೆಯಲ್ಲಿ ಅವರನ್ನು ರಷ್ಯಾದ ಜೆನಿತ್ ತಂಡಕ್ಕೆ ಮಾರಿದರು. ಅವರ ಜಾಗಕ್ಕೆ ಅನುಭವ ಇರುವ ಇನ್ನೊಬ್ಬರನ್ನು ತರಲಿಲ್ಲ. ನಾಲ್ಕು ಕಂಬದ ಜಾಗದಲ್ಲಿ ಮೂರು, ಆ ಮೂರರಲ್ಲಿ ಎರಡು ಮೊದಲೇ ಬಿರುಕು ಬಿಟ್ಟದ್ದು. ತಪ್ಪು ನಡೆದದ್ದು ಮೈದಾನದಲ್ಲಿ ಅಲ್ಲ, ಆಫೀಸಿನಲ್ಲಿ.

2020ರ ಅಕ್ಟೋಬರ್ 17ರಂದು ಎವರ್ಟನ್ ಎದುರಿನ ಪಂದ್ಯದಲ್ಲಿ ಗೋಲ್‌ಕೀಪರ್ ಪಿಕ್‌ಫೋರ್ಡ್ ಬಂದು ಬಡಿದ ರಭಸಕ್ಕೆ ವಾನ್ ಡೈಕ್ ಅವರ ಮೊಣಕಾಲಿನ ಲಿಗಮೆಂಟ್ ಹೋಯಿತು. ಆ ಸೀಸನ್‌ನಲ್ಲಿ ಮತ್ತೆ ಅವರು ಆಡಲಿಲ್ಲ. ನವೆಂಬರಿನಲ್ಲಿ ಇಂಗ್ಲೆಂಡ್ ತಂಡದ ತರಬೇತಿಗೆ ಹೋದ ಗೋಮೆಜ್ ಅಲ್ಲಿ ಮೊಣಕಾಲು ಕೆಡಿಸಿಕೊಂಡರು. ಉಳಿದದ್ದು ಮಾಟಿಪ್. ಅವರೂ ಬಂದು ಹೋಗಿ ಮಾಡುತ್ತಾ, 2021ರ ಜನವರಿ 28ರಂದು ಟಾಟನ್‌ಹ್ಯಾಮ್ ಎದುರು ಕಣಕಾಲು ಗಾಯ ಮಾಡಿಕೊಂಡು ಮನೆಗೆ ಹೋದರು. ಮೂವರೂ ಖಲಾಸ್.

ಇದನ್ನೆಲ್ಲ ದುರದೃಷ್ಟ ಅಂತ ಹೇಳಿ ಮುಗಿಸಬಹುದು. ಕೊರೋನಾದ ವರ್ಷ, ಖಾಲಿ ಗ್ಯಾಲರಿ, ಬಿಡುವಿಲ್ಲದ ಪಂದ್ಯಗಳು, ಇವೆಲ್ಲ ಇದ್ದದ್ದು ನಿಜ. ವಾನ್ ಡೈಕ್ ಇರುವಾಗಲೇ ಆಸ್ಟನ್ ವಿಲ್ಲಾ ಎದುರು 7-2ರಿಂದ ಸೋತದ್ದೂ ನಿಜ. ಒಬ್ಬನಿದ್ದರೆ ಎಲ್ಲವೂ ಸರಿ ಇರುತ್ತಿತ್ತು ಅಂತ ನಾವು ಹೇಳುವುದಿಲ್ಲ. ಪೆಟ್ಟು ಆಗುವುದು ಯಾರ ಕೈಯಲ್ಲೂ ಇಲ್ಲ. ಆದರೆ ಪೆಟ್ಟಾದರೆ ಯಾರು ಅಂತ ಮೊದಲೇ ಯೋಚಿಸುವುದು ನಮ್ಮ ಕೈಯಲ್ಲಿದೆ.

ಮುಂದೆ ಆದದ್ದು ನೋಡಿ. ಹಿಂದೆ ಜನ ಇಲ್ಲ ಅಂತ ಮಿಡ್‌ಫೀಲ್ಡಿನ ಫಾಬಿನ್ಯೋ ಮತ್ತು ಕ್ಯಾಪ್ಟನ್ ಹೆಂಡರ್ಸನ್ ಅವರನ್ನು ಸ್ಟಾಪರ್ ಜಾಗಕ್ಕೆ ಇಳಿಸಿದರು. ಇಬ್ಬರೂ ದೊಡ್ಡ ಆಟಗಾರರೇ, ಹಿಂದೆ ತಕ್ಕಮಟ್ಟಿಗೆ ನಿಭಾಯಿಸಿದರು ಕೂಡಾ. ಆದರೆ ಮಾಡು ಸೋರುತ್ತದೆ ಅಂತ ಬಾಗಿಲಿನ ಹಲಗೆ ಕಿತ್ತು ಮೇಲೆ ಇಟ್ಟ ಹಾಗಾಯಿತು. ಮಧ್ಯದಲ್ಲಿ ಚೆಂಡು ಕಸಿದು ಮುಂದಕ್ಕೆ ಕೊಡುವವರೇ ಇಲ್ಲ. ಹಿಂದಿನ ಸಾಲಿನ ಗಾಯ ಮುಂದಿನ ಸಾಲಿನಲ್ಲಿ ಕಾಣಿಸಿತು.

ಆನ್‌ಫೀಲ್ಡ್ ಅಂದರೆ ಲಿವರ್‌ಪೂಲ್‌ನ ಸ್ವಂತ ಅಂಗಳ. ಅಲ್ಲಿ ಲೀಗಿನ 68 ಪಂದ್ಯಗಳಲ್ಲಿ ಸೋಲೇ ಇರಲಿಲ್ಲ. 2021ರ ಜನವರಿ 21ರಂದು ಬರ್ನ್‌ಲಿ ಬಂದು 1-0ರಿಂದ ಸೋಲಿಸಿತು. ಆಮೇಲೆ ಬ್ರೈಟನ್, ಮ್ಯಾಂಚೆಸ್ಟರ್ ಸಿಟಿ, ಎವರ್ಟನ್, ಚೆಲ್ಸಿ, ಫುಲ್‌ಹ್ಯಾಮ್. ಅಂಗಳದಲ್ಲಿ ಸಾಲಾಗಿ ಆರು ಸೋಲು, ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲು. ಆ ಆರು ಪಂದ್ಯಗಳಲ್ಲಿ ಲಿವರ್‌ಪೂಲ್ ಹೊಡೆದದ್ದು ಒಂದೇ ಗೋಲು, ಅದೂ ಸಲಾಹ್ ಅವರ ಪೆನಾಲ್ಟಿ. ಇದರ ನಡುವೆ ಎವರ್ಟನ್ ಎದುರು ಹಿಂದಿನ ಸಾಲಿನಲ್ಲಿ ಆಡುತ್ತಿದ್ದಾಗ ಹೆಂಡರ್ಸನ್ ಅವರಿಗೂ ಪೆಟ್ಟಾಗಿ ಅವರೂ ಹೊರಗೆ ಕೂತರು. ಗಡಿಬಿಡಿಯಲ್ಲಿ ಫೆಬ್ರವರಿ 1ರಂದು ಇಬ್ಬರನ್ನು ತಂದರು. ಒಬ್ಬರು ಸಾಲದ ಮೇಲೆ ಬಂದ ಟರ್ಕಿಯ ಓಜಾನ್ ಕಬಾಕ್. ಇನ್ನೊಬ್ಬರು ಬೆನ್ ಡೇವಿಸ್, ಅವರು ಲಿವರ್‌ಪೂಲ್ ಪರವಾಗಿ ಒಂದೂ ಅಧಿಕೃತ ಪಂದ್ಯ ಆಡದೆಯೇ ಹೋದರು. ನೆರೆ ಬಂದ ಮೇಲೆ ದೋಣಿ ಹುಡುಕಲು ಹೋದರೆ ಹಾಗೆಯೇ ಆಗುವುದು.

ಹಾಗಾದರೆ ಕೊನೆಗೆ ಆ ತಂಡವನ್ನು ದಡ ಸೇರಿಸಿದ್ದು ಯಾರು? ಹುಡುಗರಿಗೆ ನಾವು ಒತ್ತಿ ಹೇಳಬೇಕಾದ್ದು ಈ ಭಾಗವನ್ನೇ. ಅದು ಯಾರೂ ಜೆರ್ಸಿಯಲ್ಲಿ ಹೆಸರು ಹಾಕಿಸಿಕೊಳ್ಳದ ಇಬ್ಬರು. ಒಬ್ಬರು ನ್ಯಾಟ್ ಫಿಲಿಪ್ಸ್. ಇನ್ನೊಬ್ಬರು ರೀಸ್ ವಿಲಿಯಮ್ಸ್, ಹಿಂದಿನ ವರ್ಷ ಇಂಗ್ಲೆಂಡಿನ ಆರನೇ ದರ್ಜೆಯ ಕಿಡರ್‌ಮಿನ್‌ಸ್ಟರ್ ತಂಡದಲ್ಲಿ ಆಡುತ್ತಿದ್ದ ಹುಡುಗ. ಮಾರ್ಚಿನಲ್ಲಿ ಫಿಲಿಪ್ಸ್ ಮತ್ತು ಕಬಾಕ್ ಹಿಂದೆ ನಿಂತರು, ಫಾಬಿನ್ಯೋ ತನ್ನ ಜಾಗಕ್ಕೆ ಮರಳಿದರು. ಕಬಾಕ್‌ಗೂ ಗಾಯವಾದಾಗ ವಿಲಿಯಮ್ಸ್ ಬಂದರು. ಕೊನೆಯ 10 ಲೀಗ್ ಪಂದ್ಯಗಳಲ್ಲಿ 8 ಗೆಲುವು, 2 ಡ್ರಾ, ಸೋಲು ಇಲ್ಲ. ಬರ್ನ್‌ಲಿಗೆ ಹೋಗಿ 3-0ರಿಂದ ಗೆದ್ದಾಗ ಒಂದು ಗೋಲು ಫಿಲಿಪ್ಸ್ ಅವರ ತಲೆಯಿಂದಲೇ ಬಂತು. 69 ಅಂಕದೊಂದಿಗೆ ಮೂರನೇ ಸ್ಥಾನ ಸಿಕ್ಕಿತು.

ಈ ಇಬ್ಬರು ವಾನ್ ಡೈಕ್‌ಗಿಂತ ದೊಡ್ಡ ಆಟಗಾರರಲ್ಲ. ಆದರೆ ಎಲ್ಲರೂ ಅವರವರ ಜಾಗದಲ್ಲಿ ನಿಂತಾಗ ಸಾಧಾರಣ ಆಟಗಾರನೂ ಸಾಕಾಗುತ್ತಾನೆ. ಅವರನ್ನು ಮೊದಲೇ ನಂಬಿದ್ದರೆ ಆ ಆರು ಸೋಲುಗಳಲ್ಲಿ ಕೆಲವಾದರೂ ತಪ್ಪುತ್ತಿತ್ತು ಅಂತ ನಮಗೆ ಅನಿಸುತ್ತದೆ.

ಇನ್ನೊಂದು ಮಾತು. ತಂಡ ಅಷ್ಟು ಕಷ್ಟದಲ್ಲಿದ್ದರೂ ವಾನ್ ಡೈಕ್ ಅವರನ್ನು ಅವಸರದಲ್ಲಿ ಕಣಕ್ಕೆ ಇಳಿಸಲಿಲ್ಲ. ತನ್ನ ದೇಶದ ಕ್ಯಾಪ್ಟನ್ ಆಗಿದ್ದರೂ ಅವರು 2021ರ ಬೇಸಗೆಯ ಯೂರೋ ಕಪ್ ಬಿಟ್ಟರು. ಕಾಲು ಪೂರ್ತಿ ಗುಣವಾಗಲಿ ಅಂತ ಕಾದರು. ಮುಂದಿನ ಸೀಸನ್‌ನಲ್ಲಿ ಅವರು ಲೀಗಿನ 34 ಪಂದ್ಯ ಆಡಿದರು. ಅಷ್ಟರಲ್ಲಿ ಕ್ಲಬ್ಬು ಇಬ್ರಾಹಿಮಾ ಕೊನಾಟೆ ಅವರನ್ನೂ ತಂದಿತ್ತು. ಆ ವರ್ಷ ಲಿವರ್‌ಪೂಲ್ 92 ಅಂಕ ಗಳಿಸಿತು, ಎರಡು ಕಪ್ ಗೆದ್ದಿತು, ಯುರೋಪಿನ ಫೈನಲಿಗೂ ಹೋಯಿತು. ಕಾದದ್ದು ನಷ್ಟವಾಗಲಿಲ್ಲ.

ಇದನ್ನು ನಾವು ಇಲ್ಲಿ ಬರೆಯಲು ಕಾರಣವಿದೆ. ನಮ್ಮ ಕರಾವಳಿಯ ಮೈದಾನಗಳಲ್ಲಿ, ಈಗ ಬಂದಿರುವ ಟರ್ಫ್‌ಗಳಲ್ಲಿ, ರಾತ್ರಿ ಲೈಟು ಹಾಕಿ ಟೂರ್ನಮೆಂಟ್ ನಡೆಯುತ್ತದೆ. ಸಂತೋಷ, ಹುಡುಗರು ಆಡಲಿ. ಆದರೆ ಪ್ರತಿ ಟೀಮಿನಲ್ಲೂ ಒಬ್ಬ "ವಾನ್ ಡೈಕ್" ಇದ್ದಾನೆ. ಕಳೆದ ವರ್ಷ ನಮ್ಮಲ್ಲೇ ಕಲಿತ ಹುಡುಗನೊಬ್ಬ ಮೊಣಕಾಲು ಊದಿಕೊಂಡು ಕುಂಟುತ್ತಾ ಬಂದ. ಕ್ವಾರ್ಟರ್ ಫೈನಲಿನಲ್ಲೇ ಪೆಟ್ಟಾಗಿತ್ತಂತೆ. "ನೀನಿಲ್ಲದಿದ್ದರೆ ಹಿಂದೆ ಯಾರು ಮಾರಾಯ, ಒಂದು ಮ್ಯಾಚ್ ಅಲ್ವಾ" ಅಂತ ಬ್ಯಾಂಡೇಜು ಬಿಗಿದು, ಸ್ಪ್ರೇ ಹೊಡೆದು ಸೆಮಿಫೈನಲಿಗೆ ಇಳಿಸಿದ್ದರು. ಟೀಮು ಸೋತಿತು. ಸ್ಕ್ಯಾನಿಂಗಿನ ಚೀಟಿ ಹಿಡಿದು ದುಡ್ಡಿಗೆ ಓಡಾಡಿದ್ದು ಅವನ ಉಮ್ಮ. ಆ ದಿನ ಹುರುಪು ಕೊಟ್ಟವರಲ್ಲಿ ಎಷ್ಟು ಮಂದಿ ಆಸ್ಪತ್ರೆಗೆ ಬಂದರು ಅಂತ ಕೇಳಿದರೆ ಅವನು ತಲೆ ತಗ್ಗಿಸಿದ.

ಇನ್ನೂ ಒಂದು ವಿಷಯ ನಮಗೆ ಆಮೇಲೆ ಗೊತ್ತಾಯಿತು. ಅದೇ ಟೀಮಿನಲ್ಲಿ ಸಬ್‌ಸ್ಟಿಟ್ಯೂಟ್ ಆಗಿ ಇಬ್ಬರು ಹುಡುಗರು ಬೂಟು ಕಟ್ಟಿಕೊಂಡು ಕೂತೇ ಇದ್ದರು. ಇಡೀ ಟೂರ್ನಮೆಂಟಿನಲ್ಲಿ ಒಂದು ನಿಮಿಷವೂ ಅವರಿಗೆ ಸಿಗಲಿಲ್ಲ. ನೀರಿನ ಬಾಟಲಿ ಹೊರುವುದೇ ಅವರ ಕೆಲಸ. ಅಲ್ಲಿ ಒಬ್ಬನ ಕಾಲು ಹಾಳಾಯಿತು, ಇಬ್ಬರ ಉತ್ಸಾಹ ಹಾಳಾಯಿತು.

ಇಂಗ್ಲೆಂಡಿನ ಆಟಗಾರನಿಗೆ ಸರ್ಜನ್ ಇದ್ದಾರೆ, ಫಿಸಿಯೋ ಇದ್ದಾರೆ, ಆಡದಿದ್ದರೂ ಸಂಬಳ ಬರುತ್ತದೆ. ನಮ್ಮ ಹುಡುಗನಿಗೆ ಇರುವುದು ಆ ಎರಡು ಕಾಲು ಮಾತ್ರ. ನಾಳೆ ಅವನು ಗಲ್ಫಿಗೆ ಹೋಗಿ ನಿಂತು ದುಡಿಯಬೇಕಾದ್ದೂ ಅದೇ ಕಾಲಿನಲ್ಲಿ.

ಹಾಗಾಗಿ ಟೀಮು ನಡೆಸುವ ಅಣ್ಣಂದಿರಲ್ಲಿ ನಮ್ಮ ವಿನಂತಿ ಇಷ್ಟೆ. ಸಣ್ಣ ಪಂದ್ಯಗಳಲ್ಲಿ ಬೆಂಚಿನ ಹುಡುಗರನ್ನು ಇಳಿಸಿ. ಅವರು ತಪ್ಪು ಮಾಡಲಿ, ಕಲಿಯಲಿ. ಪೆಟ್ಟಾದವನನ್ನು ಡಾಕ್ಟರ್ ಸರಿ ಅನ್ನುವ ತನಕ ಕೂರಿಸಿ, ಫೈನಲ್ ಆದರೂ ಸರಿ. ಟೂರ್ನಮೆಂಟಿನ ಫ್ಲೆಕ್ಸಿಗೆ, ಟ್ರೋಫಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಗಾಯಗೊಂಡವರ ಖರ್ಚಿಗೆ ಎತ್ತಿಡಿ. ಮನೆಯವರೂ ಅಷ್ಟೇ, ಮಗ ಕುಂಟುತ್ತಾ ಬಂದರೆ "ಗೆದ್ದಿರಾ?" ಅಂತ ಕೇಳುವ ಮೊದಲು ಕಾಲು ನೋಡಿ.

ಆ ಹುಡುಗನ ಪ್ರಶ್ನೆಗೆ ಮರುದಿನ ಉತ್ತರ ಹೇಳಿದೆವು: "ಒಬ್ಬನಿಗೆ ಪೆಟ್ಟಾದದ್ದಕ್ಕೆ ಟೀಮು ಸೋತದ್ದಲ್ಲ ಮಗಾ, ಬಾಕಿಯವರನ್ನು ತಯಾರು ಮಾಡದ್ದಕ್ಕೆ ಸೋತದ್ದು." ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನನಗೂ ಚಾನ್ಸ್ ಕೊಡಲಿಕ್ಕೆ ನೀವು ಹೇಳ್ತೀರಾ ಉಸ್ತಾದ್?" ಅಂದ. ಅವನೂ ಬೆಂಚಿನವನೇ ಅಂತ ಆಗ ನಮಗೆ ಗೊತ್ತಾಯಿತು. ಹೇಳುತ್ತೇವೆ ಅಂತ ಮಾತು ಕೊಟ್ಟಿದ್ದೆವು. ಇಲ್ಲಿ ಹೇಳಿದ್ದೇವೆ.