ಬ್ರೌನ್ ಬ್ರೆಡ್ ಅಂದರೆ ಗೋಧಿ ಬ್ರೆಡ್ಡೇ? ಪ್ಯಾಕೆಟ್ ತಿರುಗಿಸಿ ನೋಡಬೇಕಾದ ಸಂಗತಿಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಯಾರಾದರೂ ಆಸ್ಪತ್ರೆ ಸೇರಿದರೆ, ನೋಡಲು ಹೋಗುವವರ ಕೈಚೀಲದಲ್ಲಿ ಬಾಳೆಹಣ್ಣಿನ ಜೊತೆ ಒಂದು ಬ್ರೆಡ್ ಪ್ಯಾಕೆಟ್ ಇರುತ್ತದೆ. ಜ್ವರ ಬಂದ ಮಕ್ಕಳಿಗೆ ಹಾಲು-ಬ್ರೆಡ್ಡು ಕೊಡುವುದು ಹಳೆಯ ರೂಢಿ. ಈಗ ಅದೇ ಬ್ರೆಡ್ ಕಾಯಿಲೆ ಇಲ್ಲದವರ ಬೆಳಗಿನ ತಿಂಡಿಯೂ ಆಗಿದೆ. ಅಂಗಡಿಯಲ್ಲಿ ಈಗ ಒಂದೇ ಬಗೆಯ ಬ್ರೆಡ್ ಇಲ್ಲ. ಬಿಳಿ, ಬ್ರೌನ್, ಆಟಾ, ಮಲ್ಟಿಗ್ರೇನ್, ಮಿಲ್ಕ್ ಬ್ರೆಡ್ ಎಂದು ಸಾಲಾಗಿ ಜೋಡಿಸಿಟ್ಟಿರುತ್ತಾರೆ.

ಇವುಗಳ ಬಗ್ಗೆ ಮೊಬೈಲಿಗೆ ಬರುವ ಮೆಸೇಜುಗಳಿಗೂ ಕೊರತೆಯಿಲ್ಲ. ಒಂದು ‘ಬ್ರೆಡ್ ತಿಂದರೆ ಕ್ಯಾನ್ಸರ್’ ಎನ್ನುತ್ತದೆ. ಇನ್ನೊಂದು ‘ಮೈದಾ ಕರುಳಿಗೆ ಅಂಟಿಕೊಳ್ಳುತ್ತದೆ’ ಎನ್ನುತ್ತದೆ. ಮೂರನೆಯದು ‘ಶುಗರ್ ಇದ್ದವರು ಬ್ರೌನ್ ಬ್ರೆಡ್ ಎಷ್ಟು ಬೇಕಾದರೂ ತಿನ್ನಬಹುದು’ ಎಂದು ಧೈರ್ಯ ತುಂಬುತ್ತದೆ. ಮೊದಲ ಎರಡು ಹೆದರಿಸುತ್ತವೆ, ಆದರೆ ಹೆಚ್ಚು ಹಾನಿ ಮಾಡುವುದು ಮೂರನೆಯದು. ನಮ್ಮ ದೊಡ್ಡವ್ವ ಇಂಥದ್ದೇ ಮಾತು ನಂಬಿ ಜೋಳದ ರೊಟ್ಟಿ ಬಿಟ್ಟು ದಿನಾ ನಾಲ್ಕು ಸ್ಲೈಸ್ ಬ್ರೌನ್ ಬ್ರೆಡ್ ತಿನ್ನುತ್ತಿದ್ದರು. ಶುಗರ್ ಇಳಿಯಲಿಲ್ಲ. ಪ್ಯಾಕೆಟ್ ತಿರುಗಿಸಿ ನೋಡಿದರೆ ಪಟ್ಟಿಯ ಮೊದಲ ಹೆಸರೇ ಮೈದಾ.

ಹಾಗಾದರೆ ಒಳ್ಳೆಯ ಬ್ರೆಡ್ ಗುರುತಿಸುವುದು ಹೇಗೆ? ಒಂದೊಂದಾಗಿ ನೋಡೋಣ.

ಕಂದು ಬಣ್ಣ ಎಲ್ಲಿಂದ ಬರುತ್ತದೆ?

ಗೋಧಿಕಾಳಿಗೆ ಮೂರು ಭಾಗ: ಹೊರಗಿನ ತೌಡು, ಒಳಗಿನ ಪಿಷ್ಟ, ಮೊಳಕೆ ಒಡೆಯುವ ಸಣ್ಣ ಭ್ರೂಣ. ಮೂರನ್ನೂ ಸೇರಿಸಿ ಬೀಸಿದರೆ ಇಡಿ ಗೋಧಿ ಹಿಟ್ಟು. ತೌಡು ಮತ್ತು ಭ್ರೂಣ ತೆಗೆದು ಪಿಷ್ಟದ ಭಾಗವನ್ನಷ್ಟೇ ನುಣ್ಣಗೆ ಮಾಡಿದರೆ ಮೈದಾ. ನಾರಿನಂಶ ಹೆಚ್ಚಾಗಿ ಇರುವುದು ತೌಡಿನಲ್ಲಿ.

ಇಡಿ ಗೋಧಿಯಿಂದ ಮಾಡಿದ ಬ್ರೆಡ್ ತಾನಾಗಿಯೇ ತುಸು ಕಂದಾಗಿರುತ್ತದೆ. ಆದರೆ ಕಂದಾಗಿರುವ ಬ್ರೆಡ್ಡೆಲ್ಲ ಇಡಿ ಗೋಧಿಯದ್ದಲ್ಲ. ಸಕ್ಕರೆ ಕಾಯಿಸಿ ಮಾಡುವ ಕ್ಯಾರಮೆಲ್ ಬಣ್ಣ ಹಾಕಿದರೆ ಮೈದಾ ಬ್ರೆಡ್ಡೂ ಕಂದಾಗುತ್ತದೆ. ಪ್ಯಾಕೆಟ್ ಮೇಲೆ 150ಎ, 150ಸಿ ಅಥವಾ 150ಡಿ ಎಂಬ ಸಂಖ್ಯೆ ಕಂಡರೆ ಅದು ಕ್ಯಾರಮೆಲ್ ಬಣ್ಣ. ಅದು ಅನುಮತಿ ಇರುವ ಬಣ್ಣ, ವಿಷವಲ್ಲ. ಆದರೆ ಅದು ಇದ್ದಲ್ಲಿ ಬಣ್ಣ ನೋಡಿ ಹಿಟ್ಟನ್ನು ಅಳೆಯಲಾಗದು.

ಪಟ್ಟಿಯ ಮೊದಲ ಹೆಸರು ಓದಿ

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ, ಪ್ಯಾಕೆಟ್ ಮೇಲಿನ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಹೆಚ್ಚು ಹಾಕಿದ್ದು ಮೊದಲು, ಕಡಿಮೆ ಹಾಕಿದ್ದು ಕೊನೆಗೆ.

ತೊಡಕು ಏನೆಂದರೆ, ಲೇಬಲ್‌ನಲ್ಲಿ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ನಿಯಮಕ್ಕೆ ಸಾಕು. ಕನ್ನಡ ಕಡ್ಡಾಯವಲ್ಲ. ಹಾಗಾಗಿ ಮೂರು ಮಾತು ನೆನಪಿಟ್ಟುಕೊಳ್ಳಿ:

- ‘ಹೋಲ್ ವೀಟ್ ಫ್ಲೋರ್’ ಅಥವಾ ‘ಆಟಾ’ ಎಂದಿದ್ದರೆ ಇಡಿ ಗೋಧಿ ಹಿಟ್ಟು.
- ‘ರಿಫೈನ್ಡ್ ವೀಟ್ ಫ್ಲೋರ್’ ಎಂದಿದ್ದರೆ ಮೈದಾ.
- ಬರೀ ‘ವೀಟ್ ಫ್ಲೋರ್’ ಎಂದಿದ್ದರೆ ಇಡಿ ಗೋಧಿ ಎಂದು ತಿಳಿಯಬೇಡಿ. ಮೈದಾ ಕೂಡ ಗೋಧಿಯದ್ದೇ.

ಹೆಸರಿನ ಪಕ್ಕದಲ್ಲಿ ಶೇಕಡಾ ಎಷ್ಟು ಎಂಬುದನ್ನೂ ನೋಡಿ. ಒಂದು ಪದಾರ್ಥವನ್ನು ದೊಡ್ಡದಾಗಿ ತೋರಿಸಿ ಮಾರಿದರೆ ಅದನ್ನು ಎಷ್ಟು ಹಾಕಿದ್ದಾರೆ ಎಂದೂ ಬರೆಯಬೇಕು. ಮಲ್ಟಿಗ್ರೇನ್ ಪ್ಯಾಕೆಟ್ಟಿನ ಮುಂದೆ ರಾಗಿ, ಓಟ್ಸ್, ಅಗಸೆ ಎಲ್ಲದರ ಚಿತ್ರ ಇದ್ದು, ಹಿಂದೆ ಒಂದೊಂದರದ್ದೂ ಶೇ 1, ಶೇ 2 ಅಂತಿದ್ದರೆ ಉಳಿದಿದ್ದು ಏನು ಎಂದು ಲೆಕ್ಕ ಹಾಕಿ. ಬ್ರೆಡ್ ಮೇಲೆ ಉದುರಿಸಿದ ನಾಲ್ಕು ಎಳ್ಳು ಒಳಗಿನ ಮೈದಾವನ್ನು ಬದಲಿಸುವುದಿಲ್ಲ.

ನಾರು, ಉಪ್ಪು, ಸಕ್ಕರೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿಯಲ್ಲಿ ನಮಗೆ ಬೇಕಾದ ಅಂಕಿಗಳಿವೆ. 100 ಗ್ರಾಂನಲ್ಲಿ ಇರುವ ನಾರು ಹೀಗಿದೆ: ಗೋಧಿ ಹಿಟ್ಟು 11.36 ಗ್ರಾಂ, ಮೈದಾ 2.76 ಗ್ರಾಂ, ಪಾಲಿಶ್ ಮಾಡಿದ ಅಕ್ಕಿ 2.81 ಗ್ರಾಂ, ಜೋಳ 10.22 ಗ್ರಾಂ, ಸಜ್ಜೆ 11.49 ಗ್ರಾಂ. ನಾರಿನ ಮಟ್ಟಿಗೆ ಮೈದಾ ಬ್ರೆಡ್ಡು ಬಿಳಿ ಅನ್ನದ ಸಾಲಿಗೇ ಸೇರುತ್ತದೆ.

ಇವು ಒಣ ಹಿಟ್ಟು-ಕಾಳಿನ ಅಂಕಿ. ಬ್ರೆಡ್‌ನಲ್ಲಿ ನೀರೂ ಇರುವುದರಿಂದ ಅದರ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ. 100 ಗ್ರಾಂಗೆ ಕನಿಷ್ಠ 3 ಗ್ರಾಂ ನಾರಿದ್ದರೆ ‘ನಾರಿನ ಮೂಲ’ ಎಂದೂ, 6 ಗ್ರಾಂ ಇದ್ದರೆ ‘ಅಧಿಕ ನಾರು’ ಎಂದೂ ಹೇಳಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಇನ್ನೊಂದು ಸುಲಭ ಲೆಕ್ಕ: ಕಾರ್ಬೋಹೈಡ್ರೇಟ್ ಅಂಕಿಯನ್ನು ಹತ್ತರಿಂದ ಭಾಗಿಸಿ. ನಾರು ಅಷ್ಟಾದರೂ ಇರಬೇಕು. ಕಾರ್ಬೋಹೈಡ್ರೇಟ್ 50 ಗ್ರಾಂ ಇದ್ದರೆ ನಾರು 5 ಗ್ರಾಂ ಇರಲಿ. ಎಲ್ಲ ಪ್ಯಾಕೆಟ್‌ಗಳಲ್ಲೂ ನಾರಿನ ಅಂಕಿ ಇರುವುದಿಲ್ಲ. ಆಗ ಹಿಟ್ಟಿನ ಹೆಸರೇ ಆಧಾರ.

ಬ್ರೆಡ್ ಸಪ್ಪೆ ಅನ್ನಿಸಿದರೂ ಅದರಲ್ಲಿ ಉಪ್ಪಿದೆ. ಸಾಮಾನ್ಯವಾಗಿ 100 ಗ್ರಾಂ ಬ್ರೆಡ್‌ನಲ್ಲಿ, ಅಂದರೆ ಸುಮಾರು ನಾಲ್ಕು ಸ್ಲೈಸ್‌ನಲ್ಲಿ, 400ರಿಂದ 500 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, ಅಂದರೆ 1 ಗ್ರಾಂನಿಂದ 1.25 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ದಿನದ ಮಿತಿ 5 ಗ್ರಾಂ ಉಪ್ಪಿಗಿಂತ ಕಡಿಮೆ. ಬಿಪಿ ಇದ್ದವರು ಈ ಸಾಲನ್ನು ತಪ್ಪದೆ ಓದಬೇಕು. ‘ಆ್ಯಡೆಡ್ ಶುಗರ್ಸ್’ ಎಂಬ ಸಾಲು ಹೊರಗಿನಿಂದ ಹಾಕಿದ ಸಕ್ಕರೆಯನ್ನು ತೋರಿಸುತ್ತದೆ. ಎರಡು ಪ್ಯಾಕೆಟ್ ಹೋಲಿಸುವಾಗ ಯಾವಾಗಲೂ 100 ಗ್ರಾಂ ಕಾಲಂ ನೋಡಿ. ‘ಒಂದು ಸರ್ವಿಂಗ್’ ಎಂಬ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ.

ಶುಗರ್ ಇದ್ದವರಿಗೆ ಬ್ರೌನ್ ಬ್ರೆಡ್ ಸುರಕ್ಷಿತವೇ?

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ಆಹಾರ ತಿಂದ ಮೇಲೆ ರಕ್ತದ ಸಕ್ಕರೆ ಎಷ್ಟು ಬೇಗ ಏರುತ್ತದೆ ಎಂಬುದಕ್ಕೆ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆ ಇದೆ. ಶುದ್ಧ ಗ್ಲೂಕೋಸ್‌ಗೆ 100. 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬಿಳಿ ಬ್ರೆಡ್‌ನ ಸರಾಸರಿ 75. ಇಡಿ ಗೋಧಿ ಬ್ರೆಡ್‌ನದ್ದು 74. ವ್ಯತ್ಯಾಸ ಇಲ್ಲವೆಂದೇ ಹೇಳಬಹುದು.

ಕಾರಣ ಸರಳ. ತೌಡು ಸೇರಿದ್ದರೂ ಹಿಟ್ಟನ್ನು ನುಣ್ಣಗೆ ಬೀಸಿ, ಈಸ್ಟ್ ಹಾಕಿ ಉಬ್ಬಿಸಿದ ಮೇಲೆ ಪಿಷ್ಟ ಬೇಗ ಜೀರ್ಣವಾಗುತ್ತದೆ. ಒಡೆಯದ ಕಾಳುಗಳು ಸಾಕಷ್ಟಿರುವ ಬ್ರೆಡ್ ಆದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ಅಂಥದ್ದು ನಮ್ಮ ಕಡೆ ಸಿಗುವುದು ಕಡಿಮೆ.

ಹಾಗಾದರೆ ಇಡಿ ಗೋಧಿ ಬ್ರೆಡ್‌ನಿಂದ ಲಾಭವೇ ಇಲ್ಲವೇ? ಇದೆ. ನಾರು ಹೊಟ್ಟೆ ತುಂಬಿಸುತ್ತದೆ, ಮಲಬದ್ಧತೆ ತಡೆಯುತ್ತದೆ, ಹೃದಯಕ್ಕೂ ಒಳ್ಳೆಯದು. ಆದರೆ ‘ಎಷ್ಟು ಬೇಕಾದರೂ’ ಎಂಬ ಮಾತು ತಪ್ಪು. ನಾಲ್ಕು ಸ್ಲೈಸ್‌ನಲ್ಲಿ ಹತ್ತಿರ ಹತ್ತಿರ 50 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಬಣ್ಣ ಯಾವುದೇ ಇರಲಿ. ಶುಗರ್ ಇದ್ದವರು ಸ್ಲೈಸ್ ಎಣಿಸಿ ತಿನ್ನಬೇಕು. ಚಹಾದಲ್ಲಿ ಅದ್ದಿ ತಿನ್ನುವ ಬದಲು ಮೊಟ್ಟೆ, ಕಾಳಿನ ಪಲ್ಯ, ಶೇಂಗಾ ಚಟ್ನಿಯಂಥದ್ದರ ಜೊತೆ ತಿಂದರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ತಿಂಡಿ ಶುರು ಮಾಡಿದ ಎರಡು ಗಂಟೆಗೆ ಒಮ್ಮೆ ನೋಡಿ. ಬ್ರೆಡ್ ತಿಂದ ದಿನ ಎಷ್ಟು, ರೊಟ್ಟಿ ತಿಂದ ದಿನ ಎಷ್ಟು ಎಂದು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಬ್ರೆಡ್ ಬದಲಿಸಿದೆ ಎಂದು ಮಾತ್ರೆ ಮಾತ್ರ ಬಿಡಬೇಡಿ.

‘ಬ್ರೆಡ್ ತಿಂದರೆ ಕ್ಯಾನ್ಸರ್’: ಈ ಮೆಸೇಜ್ ಎಲ್ಲಿಂದ ಬಂತು?

ಇದರ ಹಿಂದೆ ನಿಜವಾದ ಒಂದು ಸಂಗತಿ ಇದೆ. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬ್ರೆಡ್, ಬನ್, ಪಾವ್, ಪಿಜ್ಜಾ ಬ್ರೆಡ್ ಮುಂತಾದವುಗಳ 38 ಮಾದರಿಗಳ ಪರೀಕ್ಷಾ ಫಲಿತಾಂಶ ಪ್ರಕಟಿಸಿತು. ಶೇ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಪೊಟ್ಯಾಸಿಯಂ ಅಯೊಡೇಟ್ ಇದೆ ಎಂದು ವರದಿ ಮಾಡಿತು.

ಹಿಟ್ಟು ಚೆನ್ನಾಗಿ ಉಬ್ಬಲಿ ಎಂದು ಬ್ರೋಮೇಟ್ ಹಾಕುತ್ತಿದ್ದರು. ಬೇಯುವಾಗ ಅದು ಹಾನಿಯಿಲ್ಲದ ರೂಪಕ್ಕೆ ಬದಲಾಗಬೇಕು. ಆದರೆ ಪ್ರಮಾಣ ಹೆಚ್ಚಾದರೆ ಅಥವಾ ಸರಿಯಾಗಿ ಬೇಯದಿದ್ದರೆ ಸ್ವಲ್ಪ ಉಳಿಯುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದರಿಂದ ಗಡ್ಡೆಗಳು ಕಂಡಿದ್ದರಿಂದ, ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1999ರಲ್ಲಿ ಅದನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇದೆ’ ಎಂಬ 2ಬಿ ಗುಂಪಿಗೆ ಸೇರಿಸಿತ್ತು. ವರದಿ ಬಂದ ಮರು ತಿಂಗಳು, 2016ರ ಜೂನ್‌ನಲ್ಲಿ, ಎಫ್‌ಎಸ್‌ಎಸ್‌ಎಐ ಪೊಟ್ಯಾಸಿಯಂ ಬ್ರೋಮೇಟ್ ಬಳಕೆಯನ್ನು ನಿಷೇಧಿಸಿತು.

ಮೆಸೇಜ್ ಹಳೆಯ ಸುದ್ದಿಯ ಮೊದಲರ್ಧ ಹೇಳಿ, ನಿಷೇಧದ ಮಾತು ಬಿಟ್ಟುಬಿಡುತ್ತದೆ. ‘924ಎ’ ಎಂಬ ಸಂಖ್ಯೆ ಅಥವಾ ಪೊಟ್ಯಾಸಿಯಂ ಬ್ರೋಮೇಟ್ ಹೆಸರು ಎಲ್ಲಾದರೂ ಕಂಡರೆ ಕೊಳ್ಳಬೇಡಿ, ದೂರು ಕೊಡಿ.

ಇನ್ನೂ ಕೆಲವು ಮೆಸೇಜುಗಳು

*ಮೈದಾ ಕರುಳಿಗೆ ಅಂಟಿಕೊಳ್ಳುತ್ತದೆ.* ತಪ್ಪು. ಹಸಿ ಮೈದಾ ಹಿಟ್ಟು ಕೈಗೆ ಅಂಟುತ್ತದೆ ನಿಜ. ಬೆಂದ ಬ್ರೆಡ್ ಬಾಯಿ, ಹೊಟ್ಟೆ, ಸಣ್ಣ ಕರುಳಿನ ರಸಗಳಲ್ಲಿ ಕರಗಿ ಜೀರ್ಣವಾಗುತ್ತದೆ. ಮೈದಾ ಹೆಚ್ಚು ತಿಂದಾಗ ಹೊಟ್ಟೆ ಕಟ್ಟಿದಂತಾಗುವುದು ನಾರಿನ ಕೊರತೆಯಿಂದ.

*ಮೈದಾದಲ್ಲಿರುವ ಅಲೊಕ್ಸಾನ್‌ನಿಂದ ಶುಗರ್ ಬರುತ್ತದೆ.* ಪ್ರಯೋಗಾಲಯದಲ್ಲಿ ಪ್ರಾಣಿಗಳಿಗೆ ಮಧುಮೇಹ ಬರಿಸಲು ಅಲೊಕ್ಸಾನ್ ಚುಚ್ಚುತ್ತಾರೆ ಎಂಬುದು ಸರಿ. ಮೈದಾ ತಿಂದ ಮನುಷ್ಯರಿಗೆ ಅದರಿಂದ ಮಧುಮೇಹ ಬಂದಿದೆ ಎನ್ನಲು ಪುರಾವೆ ಇಲ್ಲ.

*471 ಅಂದರೆ ಹಂದಿ ಕೊಬ್ಬು.* 471 ಎಂಬುದು ಎಣ್ಣೆ-ನೀರು ಬೆರೆಯಲು ಹಾಕುವ ಪದಾರ್ಥದ ಸಂಖ್ಯೆ. ಅದನ್ನು ಸಸ್ಯದ ಎಣ್ಣೆಯಿಂದಲೂ ಮಾಡಬಹುದು, ಪ್ರಾಣಿ ಕೊಬ್ಬಿನಿಂದಲೂ ಮಾಡಬಹುದು. ಪ್ರಾಣಿ ಮೂಲದ್ದಾದರೆ ಪ್ಯಾಕೆಟ್ ಮೇಲೆ ಮಾಂಸಾಹಾರದ ಕಂದು ಗುರುತು ಹಾಕಲೇಬೇಕು. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ.

*ಬೂಸ್ಟು ಹಿಡಿದ ಭಾಗ ತೆಗೆದು ಉಳಿದದ್ದು ತಿನ್ನಬಹುದು.* ಬೇಡ. ಬ್ರೆಡ್ ಮೆತ್ತಗಿರುವುದರಿಂದ ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತವೆ. ಇಡೀ ಪ್ಯಾಕೆಟ್ ಎಸೆಯಿರಿ. ಫ್ರಿಜ್‌ನಲ್ಲಿಟ್ಟರೆ ಬೂಸ್ಟು ತಡವಾಗಿ ಬರುತ್ತದೆ, ಆದರೆ ಬ್ರೆಡ್ ಬೇಗ ಗಟ್ಟಿಯಾಗುತ್ತದೆ. ನಮ್ಮ ಬಿಸಿಲು, ಮಳೆಗಾಲದ ತೇವ ಎರಡಕ್ಕೂ ಒಂದೇ ಉಪಾಯ: ಸಣ್ಣ ಪ್ಯಾಕೆಟ್ ಕೊಂಡು ಬೇಗ ಮುಗಿಸುವುದು.

ಲೇಬಲ್ ಇಲ್ಲದ ಬ್ರೆಡ್ ಆದರೆ?

ಪ್ಯಾಕ್ ಮಾಡಿ ಮಾರುವ ಬ್ರೆಡ್ ಮೇಲೆ ಪದಾರ್ಥಗಳ ಪಟ್ಟಿ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ತಯಾರಕರ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರೆ ಕೇಳಿ: ಇವತ್ತಿನದ್ದಾ, ಮೈದಾನಾ? ಊರಿನ ಬೇಕರಿ ಬ್ರೆಡ್ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಎಷ್ಟೋ ಸಲ ಅದೇ ತಾಜಾ ಇರುತ್ತದೆ. ಕೇಳುವ ಗಿರಾಕಿ ಇದ್ದರೆ ಹೇಳುವ ಅಂಗಡಿಯವರೂ ಇರುತ್ತಾರೆ. ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ಅಥವಾ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ದೂರು ಕೊಡಬಹುದು.

ಮನೆಯ ರೊಟ್ಟಿ ಮರೆಯಬೇಡಿ

ಎರೆಹೊಲದ ಬಿಳಿಜೋಳ ನಮ್ಮ ಭಾಗದ ಬೆಳೆ. ಜೋಳ, ಸಜ್ಜೆಯ ಹಿಟ್ಟನ್ನು ಗಿರಣಿಯಲ್ಲಿ ಬೀಸಿಸಿದಾಗ ತೌಡು ಅದರಲ್ಲೇ ಉಳಿಯುತ್ತದೆ. ರೊಟ್ಟಿಗೆ ಬಣ್ಣವೂ ಬೇಡ, ಬ್ರೆಡ್ ಕೆಡದಂತೆ ಹಾಕುವ 282ರಂಥ ಸಂರಕ್ಷಕವೂ ಬೇಡ. ಬೆಳಿಗ್ಗೆ ರೊಟ್ಟಿ ಬಡಿಯಲು ಸಮಯವಿಲ್ಲ ಎನ್ನುವವರಿಗೆ ಅಂಗಡಿಗಳಲ್ಲೇ ಖಡಕ್ ರೊಟ್ಟಿ ಸಿಗುತ್ತದೆ. ಒಣಗಿಸಿದ್ದರಿಂದ ಬಹಳ ದಿನ ಇರುತ್ತದೆ. ಹಾಗೆಂದು ರೊಟ್ಟಿಯೂ ಔಷಧವಲ್ಲ. ಅದರಲ್ಲೂ ಪಿಷ್ಟವಿದೆ, ಶುಗರ್ ಇದ್ದವರಿಗೆ ಅದಕ್ಕೂ ಲೆಕ್ಕ ಬೇಕು.

ಅಂಗಡಿಯಲ್ಲಿ ಒಂದು ನಿಮಿಷ

1. ಪ್ಯಾಕೆಟ್ ತಿರುಗಿಸಿ. ಮೊದಲ ಹೆಸರು ‘ಹೋಲ್ ವೀಟ್’ ಅಥವಾ ‘ಆಟಾ’ ಇದೆಯೇ? ಶೇಕಡಾ ಎಷ್ಟು?
2. 150ರ ಸಾಲಿನ ಬಣ್ಣ ಇದೆಯೇ?
3. 100 ಗ್ರಾಂಗೆ ನಾರು, ಸೋಡಿಯಂ, ಹಾಕಿದ ಸಕ್ಕರೆ ಎಷ್ಟು?
4. ಅವಧಿ ಮುಗಿಯುವ ದಿನಾಂಕ ನೋಡಿದಿರಾ?
5. ತಿನ್ನುವವರು ಯಾರು? ಶುಗರ್, ಬಿಪಿ ಇದೆಯೇ?

ಆಸ್ಪತ್ರೆಗೆ ಹೋಗುವಾಗಲೂ ಐದನೆಯ ಪ್ರಶ್ನೆ ನೆನಪಿರಲಿ. ಬ್ರೆಡ್ ಒಯ್ಯುವ ಮೊದಲು, ‘ಡಾಕ್ಟರ್ ಏನು ತಿನ್ನೋಕೆ ಹೇಳ್ಯಾರ?’ ಎಂದು ಒಂದು ಫೋನ್ ಮಾಡಿ ಕೇಳಿ.

ಇನ್ನು ‘ಬ್ರೆಡ್ ವಿಷ’ ಎಂದೋ ‘ಬ್ರೌನ್ ಬ್ರೆಡ್ ಅಮೃತ’ ಎಂದೋ ಮೆಸೇಜ್ ಬಂದರೆ, ಮುಂದೆ ಕಳಿಸುವ ಮೊದಲು ಮನೆಯಲ್ಲಿರುವ ಪ್ಯಾಕೆಟ್ಟನ್ನೇ ಒಮ್ಮೆ ತಿರುಗಿಸಿ ಓದಿ.