ಆಪರೇಶನ್ ಬ್ಯಾಡಂದ್ರ ನೋವು ಉಣ್ಣಬೇಕೇನು?

ಅಕ್ಕಲಕೋಟದ ಕಡೆಯ ನಮ್ಮ ಸೋದರತ್ತಿ ಬಚ್ಚಲದಾಗ ಜಾರಿ ಬಿದ್ದು ಚಪ್ಪಿ ಎಲುಬು ಮುರಕೊಂಡಳು. ವಯಸ್ಸು 85 ದಾಟಿತ್ತು, ಹೃದಯ ಸೋತಿತ್ತು. ಗಾಡಿ ಮಾಡಿಕೊಂಡು ಸೊಲ್ಲಾಪುರಕ್ಕೆ ಒಯ್ದೆವು. ಒಂದು ದವಾಖಾನೆಯವರು, ಆಪರೇಶನ್ ತಡಕೊಳ್ಳೂದಿಲ್ಲ, ಮನೀಗೆ ಒಯ್ರಿ ಎಂದು ಹತ್ತು ಗುಳಿಗೆ ಕೊಟ್ಟರು. ಆಪರೇಶನ್ ಬೇಡವೆಂದುದಕ್ಕೆ ನನ್ನ ತಕರಾರಿಲ್ಲ. ಕಳಿಸಿದ ರೀತಿಗೆ ಇದೆ. ಮಗ್ಗಲು ಹೊರಳಿಸಿದಾಗೆಲ್ಲ ಅತ್ತಿ ಚೀರುವುದು ಓಣಿಗೆಲ್ಲ ಕೇಳುತ್ತಿತ್ತು.

ಚಪ್ಪಿ ಮುರಿದ ಬಹಳ ಮಂದಿಗೆ ಆಪರೇಶನ್ನೇ ಒಳ್ಳೆಯದು. ತೀರ ಹಣ್ಣಾದ ಜೀವಗಳ ಮಾತು ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಅಂಥ 172 ವೃದ್ಧರ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ವೈದ್ಯರು, ಮನೆಯವರು ಕೂಡಿ ವಿಚಾರಿಸಿ 88 ಮಂದಿಗೆ ಆಪರೇಶನ್ ಬಿಟ್ಟರು. ತಿಂಗಳೊಳಗೆ ಅವರಲ್ಲಿ ನೂರಕ್ಕೆ 83 ಜನ ತೀರಿಕೊಂಡರು. ಆಪರೇಶನ್ ಆದವರಲ್ಲಿ 25. ಆದರೂ ಉಳಿದ ದಿನಗಳ ಬಾಳು ಆಪರೇಶನ್ ಆದವರಿಗಿಂತ ಕೀಳಾಗಿರಲಿಲ್ಲ. ಆಪರೇಶನ್ ಬಿಟ್ಟರೂ ಅಲ್ಲಿ ಆರೈಕೆ ಬಿಟ್ಟಿರಲಿಲ್ಲ.

ಆ ಆರೈಕೆ ಏನು? ಪ್ಯಾರಾಸಿಟಮಾಲನ್ನು ಚೀರಿದಾಗಲ್ಲ, ಗಡಿಯಾರ ನೋಡಿ ಕೊಡಬೇಕು. ಅರಿವಳಿಕೆ ತಜ್ಞರು ತೊಡೆಸಂದಿನ ನರದ ಬಳಿ ಕೊಡುವ ಇಂಜೆಕ್ಷನ್ ಹಲವು ತಾಸು ನೋವು ತಡೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ವೈದ್ಯರ ಲೆಕ್ಕದಂತೆ ಸಣ್ಣ ಪ್ರಮಾಣದ ಮಾರ್ಫಿನ್, ಜೊತೆಗೆ ಮಲಬದ್ಧತೆಗೆ ಔಷಧ. ಮೈ ಒರೆಸುವ ಮುಂಚೆಯೇ ಗುಳಿಗೆ, ಕಾಲುಗಳ ನಡುವೆ ದಿಂಬು. ಅಂಗಡಿಯಿಂದ ತಂದು ನುಂಗಿಸುವ ಡೈಕ್ಲೋಫೆನಾಕ್ ಮುದುಕರ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ.

1985ರ ಮಾದಕದ್ರವ್ಯ ಕಾಯಿದೆಗೆ ಹೆದರಿ ಎಷ್ಟೋ ಕಡೆ ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದರು. 2014ರ ತಿದ್ದುಪಡಿ ಆ ತೊಡಕು ಸಡಿಲಿಸಿದೆ. ಮಾನ್ಯತೆ ಪಡೆದ ದವಾಖಾನೆಗಳು ಇಡಬಹುದು. ಇನ್ನೂ ಯಾಕೆ ಹೆದರಿಕೆ?

ಇನ್ನೊಂದು ಮಾತು. ನೋವೆಷ್ಟು ಎಂದು ಕೇಳದೆ ಮದ್ದಿನ ಲೆಕ್ಕ ಹತ್ತುವುದಿಲ್ಲ. ಅಕ್ಕಲಕೋಟದ ಮುದುಕಿ 'ಬ್ಯಾನಿ' ಅಂತಾಳ, ಸೊಲ್ಲಾಪುರದ ಮಗ್ಗದ ಕೇರಿಯ ತೆಲುಗು ಅಜ್ಜ 'ನೊಪ್ಪಿ' ಅಂತಾನ, ನರ್ಸಬಾಯಿ ಮರಾಠಿಯಲ್ಲಿ ಕೇಳುತ್ತಾಳೆ. ಎರಡು ಭಾಷೆಯಲ್ಲಿ ಕವಿತೆ ಬರೆಯುವ ನನಗೆ ಗೊತ್ತು, ನೋವು ಬಾಯಿಗೆ ಬರುವುದು ತಾಯಿಮಾತಿನಲ್ಲೇ. ಮಾತು ತಿಳಿಯದಿದ್ದರೆ ಗಂಟಿಕ್ಕಿದ ಮುಖವನ್ನಾದರೂ ನೋಡಬೇಕು.

ಗಡಿಯ ತಂಟೆ ಸರಕಾರಗಳು ಯಾವಾಗಾದರೂ ಬಗೆಹರಿಸಲಿ. ಮನೆಗೆ ಕಳಿಸುವಾಗ ಯಾವ ಮದ್ದು, ಎಷ್ಟು ಹೊತ್ತಿಗೆ, ನೋವು ಹೆಚ್ಚಾದರೆ ಯಾರನ್ನು ಕೇಳಬೇಕು ಎಂದು ಮನೆಯವರ ಭಾಷೆಯಲ್ಲಿ ಒಂದು ಚೀಟಿ ಬರೆದುಕೊಡಲು ಯಾವ ಆಯೋಗ ಬೇಕು?

ಅತ್ತಿ ಹನ್ನೊಂದು ದಿನ ಇದ್ದಳು. ಸಾವು ತಪ್ಪಿಸಲಿಕ್ಕೆ ಆಗುತ್ತಿರಲಿಲ್ಲ, ಚೀರಾಟ ತಪ್ಪಿಸಬಹುದಿತ್ತು.