ಅಡಿಗೆಮನೆಯ ಮೂರನೆಯ ತಂತಿ

ಹೊಸ ಮನೆ ಕಟ್ಟಿಸುವವರು ದೇವರ ಮನೆಯ ದಿಕ್ಕನ್ನು ಕುರಿತು ನಾಲ್ಕು ಜನರನ್ನು ವಿಚಾರಿಸುತ್ತಾರೆ; ನಡುಮನೆಯ ದೀಪಕ್ಕಾಗಿ ಹತ್ತು ಅಂಗಡಿ ಅಲೆಯುತ್ತಾರೆ. ಅಡಿಗೆಮನೆಯ ಪ್ಲಗ್ಗುಗಳು ಎಲ್ಲಿರಬೇಕೆಂಬುದನ್ನು ಮಾತ್ರ ವೈರಿಂಗ್ ಮಾಡುವವನ ವಿವೇಚನೆಗೆ ಬಿಟ್ಟುಬಿಡುತ್ತಾರೆ. ಆತನಾದರೋ ಆ ಮನೆಯಲ್ಲಿ ಎಂದೂ ಹುಳಿ ಕುದಿಸುವವನಲ್ಲ, ಕಾಯಿ ರುಬ್ಬುವವನಲ್ಲ. ಗೋಡೆಗೆ ಗಿಲಾವಾಗಿ, ಬಣ್ಣ ಬಳಿದು, ಗೃಹಪ್ರವೇಶದಲ್ಲಿ ಹಾಲುಕ್ಕಿಸಿದ ಮಾರನೆಯ ದಿನ ಸಂಗತಿ ತಿಳಿಯುತ್ತದೆ: ಮಿಕ್ಸಿಯ ಪ್ಲಗ್ಗು ಒಲೆಯ ಹಿಂದೆ, ದೀಪ ಅಡಿಗೆ ಮಾಡುವವರ ಬೆನ್ನ ಹಿಂದೆ!

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ಬೆಳಕಾಗಿ ಬಂದಿತು. ಆಮೇಲೆ ಎಷ್ಟೋ ಕಾಲದವರೆಗೆ ಅಡಿಗೆಮನೆಯಲ್ಲಿ ವಿದ್ಯುತ್ತೆಂದರೆ ಸೂರಿನಿಂದ ಇಳಿಬಿದ್ದ ಒಂದು ಬಲ್ಬು, ಅಷ್ಟೆ. ರುಬ್ಬುವುದು ತೋಳಿನ ಬಲಕ್ಕೆ, ಬೇಯಿಸುವುದು ಸೌದೆಯ ಉರಿಗೆ ಸೇರಿದ ಕೆಲಸಗಳಾಗಿದ್ದುವು. ಮುಂದೆ ಕರ್ನಾಟಕದ ವಿದ್ಯುತ್ ಬಿಲ್ಲುಗಳಲ್ಲಿ ‘ಎ.ಇ.ಎಚ್.’ ಎಂಬ ಮೂರಕ್ಷರಗಳು ಕಾಣಿಸಿಕೊಂಡುವು. ಎಲ್ಲ ಕೆಲಸವೂ ವಿದ್ಯುತ್ತಿನಿಂದಲೇ ನಡೆಯುವ ಮನೆ ಎಂದು ಅವುಗಳ ಅರ್ಥ. ಇಂದು ಮಿಕ್ಸಿ, ಗ್ರೈಂಡರ್, ಫ್ರಿಜ್, ಕೆಟಲ್, ಮೈಕ್ರೋವೇವ್, ಇಂಡಕ್ಷನ್ ಒಲೆ ಎಂದು ಪರಿವಾರ ಬೆಳೆದಿದೆ. ಹಳೆಯ ಮನೆಗಳ ಗೋಡೆಯೊಳಗಿನ ತಂತಿ ಮಾತ್ರ ಆ ಒಂದು ಬಲ್ಬಿನ ಕಾಲದಲ್ಲೇ ನಿಂತಿದೆ.

ಇದರ ಲೆಕ್ಕ ಕಠಿಣವೇನಲ್ಲ. ನಮ್ಮ ದೇಶದ ಮನೆಗಳಿಗೆ ಬರುವುದು 230 ವೋಲ್ಟಿನ ವಿದ್ಯುತ್ತು. ಸಾಧನದ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರು ದೊರೆಯುತ್ತದೆ. 750 ವ್ಯಾಟಿನ ಮಿಕ್ಸಿಗೆ ಮೂರು ಆಂಪಿಯರಿಗಿಂತ ತುಸು ಹೆಚ್ಚು. 1500 ವ್ಯಾಟಿನ ಕೆಟಲಿಗೆ ಆರೂವರೆ. 2000 ವ್ಯಾಟಿನ ಇಂಡಕ್ಷನ್ ಒಲೆಗೆ ಹೆಚ್ಚುಕಡಮೆ ಒಂಬತ್ತು. ಚಿಕ್ಕ ಸಾಕೆಟ್ಟಿನ ಶಕ್ತಿ 6 ಆಂಪಿಯರು, ದೊಡ್ಡದರದು 16. ಎಂದ ಮೇಲೆ ಮಿಕ್ಸಿಗೆ ಚಿಕ್ಕದು ಸಾಕು. ಕೆಟಲಿಗೂ ಒಲೆಗೂ ದೊಡ್ಡದೇ ಬೇಕು. ಚಿಕ್ಕ ಸಾಕೆಟ್ಟಿಗೆ ದೊಡ್ಡ ಪ್ಲಗ್ಗನ್ನು ಹೊಂದಿಸುವ ಪರಿವರ್ತಕಗಳು ಅಂಗಡಿಯಲ್ಲಿ ಸಿಕ್ಕುತ್ತವೆ. ಅವು ರಂಧ್ರವನ್ನು ಹೊಂದಿಸಬಲ್ಲುವೇ ಹೊರತು ಗೋಡೆಯೊಳಗಿನ ತಂತಿಯನ್ನು ದಪ್ಪಮಾಡಲಾರವು. ದೀಪಗಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕಾದರೆ, ದೊಡ್ಡ ಸಾಕೆಟ್ಟಿಗೆ 2.5ಕ್ಕೆ ಕಡಮೆಯಿಲ್ಲದ ತಂತಿ ಬೇಕು; ಅದೂ ಒಂದೇ ತಂತಿಯ ಮೇಲೆ ಇಂಥ ಎರಡಕ್ಕಿಂತ ಹೆಚ್ಚು ಸಾಕೆಟ್ಟುಗಳ ಭಾರ ಹೊರಿಸದಿರುವುದು ಲೇಸು. ಮುಟ್ಟಿದರೆ ಬಿಸಿಯಾಗಿರುವ ಪ್ಲಗ್ಗು, ಕಂದಿದ ಸಾಕೆಟ್ಟು, ಸುಟ್ಟ ವಾಸನೆ – ಇವು ಗೋಡೆ ಕೊಡುವ ಎಚ್ಚರಿಕೆಗಳು.

ಇನ್ನು ಬೆಳಕಿನ ಮಾತು. ಸೂರಿನ ನಡುವೆ ಎಷ್ಟು ಪ್ರಖರವಾದ ದೀಪವಿದ್ದರೂ ಕಟ್ಟೆಯ ಕಡೆಗೆ ಮುಖಮಾಡಿ ನಿಂತವರ ನೆರಳು ಈಳಿಗೆ ಚಾಕುಗಳ ಮೇಲೆಯೇ ಬೀಳುತ್ತದೆ. ಹೆಚ್ಚುವ ತರಕಾರಿ, ಆರಿಸುವ ಅಕ್ಕಿಯ ಕಲ್ಲು, ಸೊಪ್ಪಿನೊಳಗಣ ಹುಳು – ನೋಡಲೇಬೇಕಾದುದೆಲ್ಲ ಕತ್ತಲಲ್ಲಿ! ಗೋಡೆಯ ಕಪಾಟಿನ ತಳಕ್ಕೆ ಎಲ್.ಇ.ಡಿ. ಪಟ್ಟಿಯನ್ನು ಅಂಟಿಸುವುದು ಇದಕ್ಕೆ ಸುಲಭವಾದ ಪರಿಹಾರ. ಆದರೆ ಪಟ್ಟಿ ಹಿಂದಿನ ಗೋಡೆಗೆ ತಗಲಿರದೆ ಕಪಾಟಿನ ಮುಂಭಾಗದ ಅಂಚಿನ ಬಳಿ ಇರಬೇಕು. ಆಗ ಬೆಳಕು ಗೋಡೆಗೆ ಬದಲು ಕೈಗೆ ಬೀಳುತ್ತದೆ. ನೇರವಾಗಿ 230 ವೋಲ್ಟಿನಿಂದ ಉರಿಯುವ ಅಲಂಕಾರದ ಪಟ್ಟಿಗಳು ನೀರು ಚಿಮ್ಮುವ ಕಟ್ಟೆಯ ಮೇಲೆ ಸಲ್ಲವು. 12 ಅಥವಾ 24 ವೋಲ್ಟಿನ ಪಟ್ಟಿಯನ್ನು ಆರಿಸಿ, ಅದಕ್ಕೆ ವಿದ್ಯುತ್ತನ್ನು ಇಳಿಸಿಕೊಡುವ ಡ್ರೈವರ್ ಪೆಟ್ಟಿಗೆಯನ್ನು ಒಲೆಯ ಆವಿ ತಾಗದ, ಗಾಳಿಯಾಡುವ ಒಣ ಜಾಗದಲ್ಲಿಡಬೇಕು. ಅದಕ್ಕೆ ಬೇಕಾದ ಒಂದು ಪಾಯಿಂಟನ್ನು ಗಿಲಾವಿಗೆ ಮೊದಲೇ ಬಿಟ್ಟುಕೊಂಡಿದ್ದರೆ ಮುಂದೆ ಹೊಸ ಗೋಡೆಯನ್ನು ಕೊರೆಯಬೇಕಾಗುವುದಿಲ್ಲ.

ಇಷ್ಟೂ ಅನುಕೂಲದ ಮಾತಾಯಿತು. ಪ್ರಾಣದ ಮಾತು ಬೇರೊಂದಿದೆ.

ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಒಂದು ಉಳಿದೆರಡಕ್ಕಿಂತ ಉದ್ದ, ದಪ್ಪ. ಸಾಕೆಟ್ಟನ್ನು ಮೊದಲು ಮುಟ್ಟುವುದೂ ಕಡೆಗೆ ಬಿಡುವುದೂ ಅದೇ. ಅದು ಸಾಧನದ ಲೋಹದ ಮೈಯನ್ನು ಹಸಿರು ತಂತಿಯ ಮೂಲಕ ಭೂಮಿಗೆ ಜೋಡಿಸುತ್ತದೆ. ಗ್ರೈಂಡರು ತಿರುಗಲು ಈ ತಂತಿ ಬೇಕಿಲ್ಲ. ಅದರ ದುರದೃಷ್ಟವೂ ಅಲ್ಲೇ ಇದೆ: ಇಲ್ಲದಿದ್ದರೂ ಕೆಲಸ ನಡೆಯುತ್ತದಾದ್ದರಿಂದ ಅದನ್ನು ಮರೆಯುವವರು, ಕತ್ತರಿಸುವವರು, ಎರಡು ಕಡ್ಡಿಯ ಸಾಕೆಟ್ಟಿಗೆ ಹೊಂದಲೆಂದು ಮೂರನೆಯದನ್ನು ಮುರಿದೇಬಿಡುವವರು ಅನೇಕರು. ಗ್ರೈಂಡರಿನ ಒಳಗೆ ತಂತಿಯ ಹೊದಿಕೆ ಸವೆದು ಅದರ ಸ್ಟೀಲಿನ ಮೈಗೆ ತಾಗಿತೆನ್ನೋಣ. ನೆಲ ಒದ್ದೆ, ಕಾಲು ಬರಿಗಾಲು, ಕೈಗೆ ದೋಸೆಹಿಟ್ಟು. ವಿದ್ಯುತ್ತಿಗೆ ಭೂಮಿಗಿಳಿಯಲು ಹಸಿರು ತಂತಿಯ ದಾರಿ ಇಲ್ಲವಾದರೆ, ಮುಟ್ಟಿದವರ ದೇಹವೇ ದಾರಿಯಾಗುತ್ತದೆ.

ಎಂ.ಸಿ.ಬಿ. ಇದೆಯಲ್ಲ, ಅದು ಬೀಳುವುದಿಲ್ಲವೇ ಎಂದು ಕೇಳುವವರುಂಟು. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂ.ಸಿ.ಬಿ. ಆ ಮಿತಿ ಮೀರಿದರಷ್ಟೇ ಬೀಳುತ್ತದೆ. ಹೃದಯದ ಬಡಿತ ಕೆಡಿಸಲು ಒಂದು ಆಂಪಿಯರಿನ ಹತ್ತರಲ್ಲೊಂದು ಪಾಲು ಕೂಡ ಸಾಕು. ಮನುಷ್ಯನನ್ನು ಕಾಯುವುದಕ್ಕೆಂದೇ ಇರುವುದು ಆರ್.ಸಿ.ಸಿ.ಬಿ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ತಾಳೆ ನೋಡುವುದು ಅದರ ಕೆಲಸ. 30 ಮಿಲಿಆಂಪಿಯರಿನ ವ್ಯತ್ಯಾಸ ಬಂದರೆ ಕ್ಷಣದ ಒಂದು ಅಂಶದಲ್ಲಿ ಸಂಪರ್ಕ ಕಡಿಯುತ್ತದೆ. ಆದರೂ ಇದೊಂದೇ ಸಾಲದು. ಹಸಿರು ತಂತಿ ಸರಿಯಾಗಿದ್ದರೆ ದೋಷ ಹುಟ್ಟಿದೊಡನೆ, ಯಾರೂ ಮುಟ್ಟುವ ಮೊದಲೇ, ಅದು ಬೀಳುತ್ತದೆ. ಹಸಿರು ತಂತಿ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ. ಮೊದಲನೆಯದರಲ್ಲಿ ಪರೀಕ್ಷೆ ತಂತಿಗೆ. ಎರಡನೆಯದರಲ್ಲಿ ಮನೆಯವರ ಕೈಗೆ.

ಆದುದರಿಂದ ಗಿಲಾವಿಗೆ ಮೊದಲು ಅಡಿಗೆ ಮಾಡುವವರೇ ಸೀಮೆಸುಣ್ಣ ಹಿಡಿದು ಗೋಡೆಯೆದುರು ನಿಲ್ಲಲಿ. ಒಲೆ ಇಲ್ಲಿ, ತೊಟ್ಟಿ ಇಲ್ಲಿ, ಮಿಕ್ಸಿ ಇಲ್ಲಿ ಎಂದು ಗುರುತು ಹಾಕಲಿ. ಸಾಕೆಟ್ಟುಗಳು ತೊಟ್ಟಿಗೂ ಒಲೆಗೂ ದೂರವಾಗಿ, ಕಟ್ಟೆಯಿಂದ ಒಂದು ಗೇಣು ಮೇಲಿರಲಿ. ಉರಿಯ ಮೇಲೆ ಕೈಚಾಚಿ ಹಾಕಬೇಕಾದ ಸ್ವಿಚ್ಚು ಒಂದೂ ಬೇಡ. ಹಳೆಯ ಮನೆಯಲ್ಲೋ ಬಾಡಿಗೆಯ ಮನೆಯಲ್ಲೋ ಇರುವವರು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನ್ನು ಕರೆಸಿ ಪ್ರತಿ ಸಾಕೆಟ್ಟಿನ ಅರ್ಥಿಂಗನ್ನೂ ಪರೀಕ್ಷೆ ಮಾಡಿಸಬಹುದು, ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಹಾಕಿಸಬಹುದು. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ್ಗೆ ಒತ್ತಿ ನೋಡುವುದು ಮನೆಯವರಿಗೇ ಸಾಧ್ಯ. ಆದರೆ ಆ ಗುಂಡಿ ಅರ್ಥಿಂಗಿನ ಯೋಗ್ಯತೆಯನ್ನು ಹೇಳುವುದಿಲ್ಲವೆಂಬುದು ನೆನಪಿರಲಿ. ಮೈ ಮುಟ್ಟಿದರೆ ಚಿಟುಕೆನ್ನುವ ಗ್ರೈಂಡರನ್ನು ‘ಸ್ವಲ್ಪ ಶಾಕ್ ಹೊಡೆಯುತ್ತದೆ, ಅಷ್ಟೆ’ ಎಂದು ಬಳಸುತ್ತ ಹೋಗುವ ಮನೆಯಲ್ಲಿ ಈ ಪರೀಕ್ಷೆ ನಾಳೆಗೆ ಉಳಿಯಬಾರದು. ಅಲ್ಲಿಯವರೆಗೆ ಆ ಗ್ರೈಂಡರು ಮೂಲೆಯಲ್ಲಿರಲಿ.

ಸ್ವಿಚ್ಚಿನ ಫಲಕದ ಅಂದವನ್ನು ಬಂದ ನೆಂಟರು ಹೊಗಳುತ್ತಾರೆ. ಹಸಿರು ತಂತಿಯನ್ನು ಹೊಗಳಿದವರು ಯಾರೂ ಇಲ್ಲ. ಅದು ತನ್ನ ಕೆಲಸ ಮಾಡಿದ ದಿನ ಆ ಮನೆಯಲ್ಲಿ ಏನೂ ನಡೆದಿರುವುದಿಲ್ಲ. ಮನೆ ಕಟ್ಟುವ ಖರ್ಚಿನ ಪಟ್ಟಿಯಲ್ಲಿ ಆ ‘ಏನೂ ನಡೆಯದ ದಿನ’ಕ್ಕೂ ಒಂದು ಸಾಲು ಮೀಸಲಾಗಿರಲಿ.